ರಾಯಲ್ಪಾಡಿನ ರಕ್ತ

ನಾನು ಡಾಕ್ಟರ್ ಹೌದು, ಆದರೆ ಚೀಟಿ ಬರೆದುಕೊಡುವ ಡಾಕ್ಟರ್ ಅಲ್ಲ. ಇದೊಂದು ಮಾತನ್ನು ಊರಿನವರಿಗೆ ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಕ್ಯಾಲನೂರಿನ ನಮ್ಮ ಮನೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಬಂದು ನನ್ನ ಮುಂದೆ ಮೊಣಕಾಲು ಚಾಚುತ್ತಾರೆ. ನಾನು ಮೊಣಕಾಲು ನೋಡುವವಳಲ್ಲ, ಹೃದಯಾಘಾತವಾದ ಮೇಲೆ ಹೃದಯದ ಜೀವಕೋಶಗಳು ಹೇಗೆ ಸಾಯುತ್ತವೆ ಎಂದು ಮೂವತ್ತೊಂದು ವರ್ಷದಿಂದ ಹುಡುಕುತ್ತಿರುವವಳು ಎಂದು ಹೇಳುತ್ತೇನೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, "ಸಾಯೋದನ್ನ ಓದೋಕೆ ಅಷ್ಟು ವರ್ಷ ಬೇಕೇನಮ್ಮ ವೆಂಕಟಲಕ್ಷ್ಮಿ?" ಎನ್ನುತ್ತಾರೆ. ಬೇಕಾಯಿತು, ಏನು ಮಾಡಲಿ.

ಈ ಹುಚ್ಚು ಹಿಡಿಸಿದ್ದು ನಮ್ಮ ಮನೆಯ ರೇಷ್ಮೆ ಹುಳು. ನಮ್ಮಮ್ಮ ಎರಡು ಹಸು ಕಟ್ಟಿಕೊಂಡು, ಹಿಪ್ಪುನೇರಳೆ ಬೆಳೆದು, ಹುಳು ಸಾಕುತ್ತಿದ್ದಳು. ಕೋಲಾರದ ಕಾಲೇಜಿನಲ್ಲಿ ಒಂದು ದಿನ ಮೇಷ್ಟ್ರು ಗೂಡಿನೊಳಗಿನ ಹುಳುವನ್ನು ಕೊಯ್ದು ತೋರಿಸಿದರು. ಮೈಯುದ್ದಕ್ಕೂ ಇದ್ದ ರೇಷ್ಮೆ ಗ್ರಂಥಿ ಅಲ್ಲಿ ಇರಲೇ ಇಲ್ಲ. ಗೂಡು ಕಟ್ಟಿ ಮುಗಿಯುತ್ತಿದ್ದಂತೆ ಆ ಗ್ರಂಥಿಯ ಕೋಶಗಳೆಲ್ಲ ತಾವಾಗಿಯೇ ಸತ್ತು ಕರಗಿಹೋಗುತ್ತವೆ ಎಂದರು. ಅವಕ್ಕೆ ಸಾಯಲು ಹೇಳಿದವರು ಯಾರು ಎಂದು ಕೇಳಿದೆ. ಪರೀಕ್ಷೆಗೆ ಅಷ್ಟೆಲ್ಲ ಬರುವುದಿಲ್ಲ, ಕೂತುಕೋ ಎಂದರು.

ನಾನು ಕೂರಲಿಲ್ಲ. ಹುಳುವಿನಿಂದ ಹೃದಯಕ್ಕೆ ಬಂದೆ. ಹೃದಯಾಘಾತವಾದಾಗ ರಕ್ತ ಸಿಗದ ಭಾಗ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಜಾಗದ ಅಂಚಿನಲ್ಲಿರುವ ಕೋಶಗಳು, ರಕ್ತ ಮತ್ತೆ ಹರಿಯತೊಡಗಿದ ಮೇಲೂ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತಲೇ ಇರುತ್ತವೆ. ರೋಗಿ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತಾನೆ, ನೆಂಟರು ಕಿತ್ತಳೆಹಣ್ಣು ತಂದಿರುತ್ತಾರೆ, ಒಳಗೆ ಈ ಸಾವು ನಡೆದಿರುತ್ತದೆ. ವರ್ಷ ಕಳೆದ ಮೇಲೆ ನಾಲ್ಕು ಮೆಟ್ಟಿಲು ಹತ್ತಲು ಏದುಸಿರು ಬಂದಾಗ ತಿಳಿಯುತ್ತದೆ. ಆ ಅಂಚಿನ ಕೋಶಗಳನ್ನು ಉಳಿಸಬಹುದೇ ಎಂಬುದೊಂದೇ ನನ್ನ ಪ್ರಶ್ನೆ.

ಹಳೆಯದೊಂದು ಅಗ್ಗದ ಮಾತ್ರೆ ಉಳಿಸುತ್ತದೆ ಎಂದು ನನ್ನ ಇಲಿಗಳು ಹೇಳಿದವು. ಇಲಿಗಳ ಹೃದಯವನ್ನು ನನ್ನಷ್ಟು ಕಾಪಾಡಿದವರು ಇನ್ನೊಬ್ಬರಿಲ್ಲ. ಅವುಗಳದೊಂದು ಸಂಘ ಇದ್ದಿದ್ದರೆ ಶಾಲು ಹೊದಿಸಿ ಸನ್ಮಾನ ಮಾಡುತ್ತಿದ್ದವು. ಮನುಷ್ಯರಲ್ಲೂ ಉಳಿಸುತ್ತದೆಯೇ ಎಂದು ನೋಡಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಇನ್ನೂರ ನಲವತ್ತು ಜನರನ್ನು ಒಪ್ಪಿಸಿದೆವು. ಎಲ್ಲರೂ ಹೃದಯಾಘಾತವಾಗಿ, ಚಿಕಿತ್ಸೆ ಪಡೆದು ಮನೆಗೆ ಬಂದವರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂಬ ಪಟ್ಟಿ ಮೇಲ್ವಿಚಾರಣಾ ಸಮಿತಿಯ ಬೀರುವಿನಲ್ಲಿ ಬೀಗದೊಳಗೆ ಇತ್ತು. ನನಗೂ ಗೊತ್ತಿರಲಿಲ್ಲ, ರೋಗಿಗೂ ಗೊತ್ತಿರಲಿಲ್ಲ. ನಮ್ಮ ನರ್ಸುಗಳು ಮನೆಮನೆಗೆ ಹೋಗಿ ರಕ್ತ ತೆಗೆದು, ಐಸ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಬಸ್ಸಿಗೆ ಹಾಕಿ ಕೋಲಾರದ ನಮ್ಮ ಲ್ಯಾಬಿಗೆ ಕಳಿಸುತ್ತಿದ್ದರು. ಕೋಶ ಸಾಯುವಾಗ ತನ್ನೊಳಗಿನ ಚೂರುಗಳನ್ನು ರಕ್ತಕ್ಕೆ ಬಿಡುತ್ತದೆ. ಆ ಚೂರುಗಳನ್ನು ಎಣಿಸುವ ಪರೀಕ್ಷೆ ನನ್ನದು. ಚೂರು ಹೆಚ್ಚಿದ್ದರೆ ಸಾವು ಹೆಚ್ಚು, ಕಡಿಮೆ ಇದ್ದರೆ ಕಡಿಮೆ.

ಕಳೆದ ವರ್ಷ ಏಪ್ರಿಲ್‌ನ ಒಂದು ಸೋಮವಾರ ಮುರಳಿಮೋಹನ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಯೋಜನೆಯ ಅಂಕಿಅಂಶಗಳನ್ನು ನೋಡಿಕೊಳ್ಳುವವನು ಅವನು. ಮಾಲೂರಿನವನು, ಕೆಲಸದಲ್ಲಿ ಚೊಕ್ಕ, ಆದರೆ ಬಾಗಿಲು ಹಾಕಿಕೊಂಡ ಎಂದರೆ ಒಳ್ಳೆಯ ಸುದ್ದಿ ತಂದಿರುವುದಿಲ್ಲ.

"ಇದು ಬೇರೆ ಕಡೆಯ ಇನ್ನೂರು ಜನ, ಮೇಡಂ," ಎಂದು ಒಂದು ಹಾಳೆ ಮುಂದಿಟ್ಟ. "ಎಲ್ಲರದೂ ಚೂರಿನ ಲೆಕ್ಕ ಹೆಚ್ಚು. ಎಲ್ಲ ಸೇರಿ ಒಂದೇ ಗುಡ್ಡೆ. ಮಾತ್ರೆಯಿಂದ ಏನೂ ಆಗಿಲ್ಲ ಅಂತ ಈ ಹಾಳೆ ಹೇಳ್ತದೆ."

"ಇನ್ನೊಂದು ಹಾಳೆ?"

"ಅದು ರಾಯಲ್ಪಾಡಿನ ನಲವತ್ತು ಜನ," ಎಂದ. ರಾಯಲ್ಪಾಡು ಶ್ರೀನಿವಾಸಪುರದಾಚೆ, ಆಂಧ್ರದ ಗಡಿಯ, ತೆಲುಗು ಮಾತಿನ ಊರು.

ನೋಡಿದೆ. ಆ ನಲವತ್ತು ಚುಕ್ಕೆಗಳು ಮಿಕ್ಕವರಿಗಿಂತ ಎಷ್ಟೋ ಕೆಳಗಿದ್ದವು. ಅಷ್ಟೇ ಅಲ್ಲದೆ ಎರಡು ಗುಂಪಾಗಿ ನಿಂತಿದ್ದವು, ಒಂದು ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ, ನಡುವೆ ಖಾಲಿ ಜಾಗ. ಮಾತ್ರೆ ನುಂಗಿದವರು ಇವರು, ಹಿಟ್ಟು ನುಂಗಿದವರು ಅವರು ಎಂದು ಬೆರಳು ಮಾಡಿ ತೋರಿಸುವ ಹಾಗಿತ್ತು.

"ನಿಜವಾದ ಮನುಷ್ಯರ ಅಂಕಿ ಇಷ್ಟು ನೀಟಾಗಿ ಬರಲ್ಲ," ಎಂದ ಮುರಳಿ. "ಯಾರೋ ರಕ್ತಕ್ಕೆ ಏನೋ ಬೆರೆಸಿದಾರೆ, ಇಲ್ಲಾ ಆರೋಗ್ಯವಾಗಿರೋರ ರಕ್ತ ತೆಗೆದು ಕಳಿಸಿದಾರೆ. ಆ ನಲವತ್ತನ್ನ ತೆಗೆದುಬಿಡಿ ಮೇಡಂ."

ಮುರಳಿಗಿಂತ ಹೆಚ್ಚು ಹೆದರಿದವಳು ನಾನು. ಮೂವತ್ತು ವರ್ಷ ನಾನು ಕನಸಿನಲ್ಲಿ ಕಂಡ ಚಿತ್ರ ಅದೇ ಆಗಿತ್ತು. ಬೇಕಾದದ್ದೇ ಕಣ್ಣ ಮುಂದೆ ಬಂದು ನಿಂತರೆ ಮೊದಲು ಅನುಮಾನಪಡು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಬಾಯಿ ಒಣಗಿದೆ. ಶುಕ್ರವಾರ ಸಮಿತಿಯ ಸಭೆ ಇತ್ತು, ಅಧ್ಯಯನ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಅಂದೇ ತೀರ್ಮಾನ. ರಾಯಲ್ಪಾಡನ್ನು ಬಿಟ್ಟರೆ ಮಾತ್ರೆ ಉಪಯೋಗಕ್ಕಿಲ್ಲ ಎಂದು ಮುಚ್ಚುತ್ತಾರೆ. ಇಟ್ಟುಕೊಂಡು ಅದು ಮೋಸ ಎಂದಾದರೆ ಮುಖಕ್ಕೆ ಮಸಿ ಬಳಿದು ಮುಚ್ಚುತ್ತಾರೆ. ಎಲ್ಲವೂ ನಿಂತಿದ್ದದ್ದು ರಾಯಲ್ಪಾಡಿನ ರಕ್ತ ನಿಜವೋ ಸುಳ್ಳೋ ಎಂಬುದರ ಮೇಲೆ.

ಮುರಳಿಗೂ ಕೇಳುವಂತೆ ಸ್ಪೀಕರ್ ಹಾಕಿ, ಅಲ್ಲಿನ ನರ್ಸ್ ವೆಂಕಟರತ್ನಮ್ಮನಿಗೆ ಫೋನ್ ಮಾಡಿದೆ. ರಕ್ತ ತೆಗೆದ ಮೇಲೆ ಟ್ಯೂಬನ್ನು ಎಲ್ಲಿಡುತ್ತೀರಿ ಎಂದು ಕೇಳಿದೆ.

"ಡಬ್ಬೀಲೇ ಇಡ್ತೀನಿ ಮೇಡಂ."

"ಬೇರೆ ಏನೂ ಮಾಡಲ್ಲ ತಾನೇ?"

"ಅದೇಮೀ ಲೇದು ಮೇಡಂ."

ಎರಡು ವರ್ಷದಿಂದ ನನ್ನ ಜೊತೆ ಕನ್ನಡದಲ್ಲೇ ಮಾತನಾಡಿದವಳು ಅಂಥದ್ದೇನಿಲ್ಲ ಎಂದು ಒಮ್ಮೆಲೇ ತೆಲುಗಿಗೆ ಜಾರಿದಳು. ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೂ ಗೊತ್ತಾಯಿತು, ಮುರಳಿಗೂ ಗೊತ್ತಾಯಿತು. ಅವನು ಹೋಗಿ ಒಂದು ಪತ್ರ ಟೈಪ್ ಮಾಡಿಕೊಂಡು ಬಂದ. ಮಾದರಿಗಳಲ್ಲಿ ಅಕ್ರಮ ಕಂಡುಬಂದಿರುವುದರಿಂದ ತಮ್ಮನ್ನು ಕೆಲಸದಿಂದ ತೆಗೆದಿದೆ ಎಂದು ನಾಲ್ಕು ಸಾಲು. ನಾನು ಸಹಿ ಹಾಕಿದೆ. ಈಗ ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ಹಾಕಿದ್ದೇ. ಅಂಚೆಗೆ ಕೊಡಬೇಡ, ನಾನೇ ಕೈಯಲ್ಲಿ ಕೊಟ್ಟು ಮುಖ ನೋಡಿ ಬರುತ್ತೇನೆ ಎಂದು ಪತ್ರವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ. ಅಷ್ಟು ಬುದ್ಧಿಯಾದರೂ ಇತ್ತು.

ಮರುದಿನ ಮುರಳಿಯನ್ನೂ ಕರೆದುಕೊಂಡು ಹೊರಟೆ. ಶ್ರೀನಿವಾಸಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಮಾವಿನ ತೋಪು, ಕಾಯಿ ಜೋತು ಕೊಂಬೆಗಳೇ ಬಗ್ಗಿದ್ದವು. ಟೊಮ್ಯಾಟೊ ತುಂಬಿದ ಟೆಂಪೋಗಳು ಎದುರಿಗೆ ಬರುತ್ತಿದ್ದವು. ಕಾರಿನ ಕಿಟಕಿ ಇಳಿಸಿದರೆ ಒಲೆಯ ಮುಂದೆ ಕೂತ ಹಾಗೆ ಬಿಸಿ. ಮುರಳಿ ದಾರಿಯುದ್ದಕ್ಕೂ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. ನಾನು ಗಟ್ಟಿಯಾಗಿ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

"ರಂಡಿ ಮೇಡಂ, ಕೂಸೋಂಡಿ," ಎಂದು ಮನೆಯೊಳಗೆ ಕರೆದು ವೆಂಕಟರತ್ನಮ್ಮ ಕೂರಲು ಚಾಪೆ ಹಾಸಿದಳು. ನಲವತ್ತೈದರ ಆಸುಪಾಸಿನ ಹೆಂಗಸು, ಸಣ್ಣಗೆ, ಚುರುಕಾಗಿ. ಕಾಫಿ ಕೊಟ್ಟಳು. ನಾನು ಚೀಲವನ್ನು ಪಕ್ಕದಲ್ಲಿಟ್ಟು ಕಾಫಿ ಕುಡಿದೆ. ಪತ್ರ ಕೊಡುವ ಮೊದಲು ಆಕೆ ರಕ್ತ ತೆಗೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದುಕೊಂಡಿದ್ದೆ. ಅಂದು ಸಂಜೆ ದೊಡ್ಡಗಂಗಮ್ಮನ ಸರದಿ ಇತ್ತು.

ದೊಡ್ಡಗಂಗಮ್ಮ ಬೀದಿಯ ಕೊನೆಯ ಮನೆಯವಳು, ಎಪ್ಪತ್ತು ದಾಟಿದ ಮುದುಕಿ. ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ಮೂರನೇ ದಿನಕ್ಕೇ ಹಸು ಕರೆಯಲು ಕೂತಿದ್ದಳಂತೆ. ನನ್ನನ್ನು ನೋಡಿ, "ದೊಡ್ಡ ಡಾಕ್ಟ್ರಾ? ನನ್ ಮೊಣಕಾಲು ಸ್ವಲ್ಪ ನೋಡಮ್ಮ," ಎಂದಳು.

ವೆಂಕಟರತ್ನಮ್ಮನ ಕೈ ಚೆನ್ನಾಗಿತ್ತು. ಒಂದೇ ಚುಚ್ಚಿಗೆ ನರ ಸಿಕ್ಕಿತು, ಮುದುಕಿಗೆ ಗೊತ್ತೂ ಆಗಲಿಲ್ಲ. ಟ್ಯೂಬಿನ ಮೇಲೆ ಹೆಸರು, ಹೊತ್ತು ಬರೆದು, ನಮ್ಮ ಕಣ್ಣೆದುರಿಗೇ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಎಲ್ಲ ನಿಯಮದ ಪ್ರಕಾರ. ನಾನು ಡಬ್ಬಿ ಈಸಿಕೊಂಡು ಮುಚ್ಚಳ ತೆಗೆದೆ. ಎರಡು ವರ್ಷ ಬಳಸಿದ ಡಬ್ಬಿ ಅಷ್ಟು ಹೊಸದಾಗಿರುವುದಿಲ್ಲ. ಮುಳಬಾಗಿಲಿನ ಡಬ್ಬಿಗಳೆಲ್ಲ ನೀರಿನ ಕಲೆ ಹಿಡಿದು, ಮೂಲೆ ಮುರಿದು, ಟೇಪು ಸುತ್ತಿಸಿಕೊಂಡಿದ್ದವು. ಇದು ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು.

"ಇದರಲ್ಲಿ ಐಸ್ ಇಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದೆ.

ಆಕೆ ಡಬ್ಬಿಯನ್ನು ನನ್ನ ಕೈಯಿಂದ ಈಸಿಕೊಂಡು ಮುಚ್ಚಳ ಹಾಕಿದಳು. ಮುರಳಿ ನನ್ನ ಕಡೆ ನೋಡಿ ಹುಬ್ಬು ಏರಿಸಿದ, ಪತ್ರ ಕೊಡಿ ಎನ್ನುವ ಹಾಗೆ. ನಾವು ಮೂವರೂ ಜಗಲಿಯಲ್ಲಿ ನಿಂತೆವು. ಐದೂವರೆಯಾಗುತ್ತಾ ಬಂದಿತ್ತು. ಹಾಲು ಹಾಕುವ ಹೊತ್ತು, ಹೆಂಗಸರು ಗಂಡಸರು ಕ್ಯಾನು ಹಿಡಿದು ಡೈರಿ ಕಡೆಗೆ ಬಿರಬಿರನೆ ನಡೆಯುತ್ತಿದ್ದರು. ವೆಂಕಟರತ್ನಮ್ಮ ಗೋಡೆಯ ಗಡಿಯಾರ ನೋಡಿದಳು, ಡಬ್ಬಿ ನೋಡಿದಳು. ಬೀದಿ ನೋಡಿ ಮತ್ತೆ ಗಡಿಯಾರ ನೋಡಿದಳು.

ಆ ನೋಟ ನನಗೆ ಗೊತ್ತಿತ್ತು. ಹಾಲು ಕರೆದಿಟ್ಟು, ನಾನು ಸ್ಕೂಲಿನಿಂದ ಬರುವುದು ತಡವಾದರೆ ನಮ್ಮಮ್ಮ ಬಾಗಿಲಲ್ಲಿ ನಿಂತು ಹೀಗೆಯೇ ಒಮ್ಮೆ ಕ್ಯಾನನ್ನು, ಒಮ್ಮೆ ಬೀದಿಯನ್ನು ನೋಡುತ್ತಿದ್ದಳು. ಮೋಸ ಮಾಡಿ ಸಿಕ್ಕಿಬಿದ್ದವರು ಬಾಗಿಲು ನೋಡುತ್ತಾರೆ, ನೆಲ ನೋಡುತ್ತಾರೆ. ಈಕೆಯ ಕಣ್ಣು ಟ್ಯೂಬನ್ನು ಬಿಟ್ಟು ಹೋಗುತ್ತಿರಲಿಲ್ಲ. ಜೋಡಿಸಿಕೊಂಡು ಬಂದ ಮಾತೆಲ್ಲ ನನಗೆ ಮರೆತುಹೋಯಿತು.

"ದಿನಾ ಏನು ಮಾಡ್ತೀಯೋ ಅದನ್ನ ಮಾಡು ಹೋಗಮ್ಮ," ಎಂದೆ. "ರಕ್ತ ಕೆಡ್ತಾ ಐತೆ."

ವೆಂಕಟರತ್ನಮ್ಮನ ಕಣ್ಣಲ್ಲಿ ನೀರು ಬಂತು. "ಊರಿಗೆ ಗೊತ್ತಾಗಬಾರದು ಮೇಡಂ. ಗೊತ್ತಾದ್ರೆ ಬಚ್ಚಪ್ಪಣ್ಣನ ಕೆಲಸ ಹೋಗ್ತದೆ," ಎಂದಳು. ಡಬ್ಬಿಯಿಂದ ಟ್ಯೂಬ್ ತೆಗೆದು, ಒದ್ದೆ ಬಟ್ಟೆ ಸುತ್ತಿ, ಸೆರಗಿನಲ್ಲಿ ಮರೆಮಾಡಿಕೊಂಡು, ಹಿತ್ತಲ ದಾರಿಯಲ್ಲಿ ಹೊರಟಳು. ನಾವು ಹಿಂದೆ ಹೋದೆವು.

ಡೈರಿಯ ಮುಂದಿನ ಬಾಗಿಲಲ್ಲಿ ಹಾಲಿನ ಸಾಲು ಇತ್ತು. ಆಕೆ ಹಿಂದಿನ ಬಾಗಿಲು ತಟ್ಟಿದಳು. ಡೈರಿಯ ಕಾರ್ಯದರ್ಶಿ ಬಚ್ಚಪ್ಪ ಬಾಗಿಲು ತೆರೆದು, ನಮ್ಮನ್ನು ಕಂಡು ಕಲ್ಲಾಗಿ ನಿಂತರು. ಒಳಗೆ ಹಾಲು ತಣ್ಣಗಾಗಿಸುವ ದೊಡ್ಡ ಟ್ಯಾಂಕ್ ಗುಂಯ್ ಎನ್ನುತ್ತಿತ್ತು. ಅದರಾಚೆ ಹಳೆಯ ಸಿಮೆಂಟ್ ತೊಟ್ಟಿಯೊಂದಿತ್ತು. ಟ್ಯಾಂಕ್ ಬರುವ ಮೊದಲು ಹಾಲಿನ ಕ್ಯಾನುಗಳನ್ನು ಇಳಿಬಿಡುತ್ತಿದ್ದ ತಣ್ಣೀರಿನ ತೊಟ್ಟಿ. ಅದರ ಮೋಟಾರನ್ನು ಬಚ್ಚಪ್ಪ ರಿಪೇರಿ ಮಾಡಿಸಿ ಓಡಿಸುತ್ತಿದ್ದರು. ನೀರಿನಲ್ಲಿ ಒಂಟಿ ಕ್ಯಾನು ನಿಂತಿತ್ತು. ಅದರೊಳಗೆ ಸ್ಟೀಲಿನ ಟಿಫಿನ್ ಕ್ಯಾರಿಯರ್. ವೆಂಕಟರತ್ನಮ್ಮ ಅದರ ಮುಚ್ಚಳ ತೆಗೆದು, ದೊಡ್ಡಗಂಗಮ್ಮನ ರಕ್ತವನ್ನು ಹತ್ತಿಯ ಮೇಲೆ ಮಲಗಿಸಿದಳು. ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರನ್ನು ನೀರಿಗಿಳಿಸಿ, ನೋಡಿ, ಚೀಟಿಯಲ್ಲಿ ಬರೆದಳು. ನಾಲ್ಕು ಡಿಗ್ರಿ.

"ನೀವು ಕೊಟ್ಟ ಫ್ರಿಡ್ಜು ಮೊದಲ್ನೇ ಬೇಸಿಗೇಲೇ ಕೆಟ್ಟೋಯ್ತು ಮೇಡಂ," ಎಂದಳು. "ಐಸು ಶ್ರೀನಿವಾಸಪುರ ಸೇರೋ ಅಷ್ಟ್ರಲ್ಲಿ ನೀರು. ಬಸ್ಸು ಕೋಲಾರ ಮುಟ್ಟೋ ಹೊತ್ಗೆ ಆ ನೀರೂ ಬಿಸಿ. ಅದ್ಕೇ ಅಣ್ಣನ್ನ ಕೇಳ್ಕೊಂಡೆ."

"ನಾನೂ ಮೊದಲು ಬ್ಯಾಡ ಅಂದೆ," ಎಂದರು ಬಚ್ಚಪ್ಪ. "ಹಾಲಿನ ಜಾಗದಲ್ಲಿ ರಕ್ತ ಅಂದ್ರೆ ಸುಮ್ನೇನಾ? ಒಬ್ರೂ ಹಾಲು ಹಾಕಲ್ಲ. ಆದ್ರೆ ಹಾಲಾಗ್ಲಿ ರಕ್ತ ಆಗ್ಲಿ, ಮೈಯಿಂದ ಬಿಸೀಗೆ ಈಚೆ ಬಂದಿದ್ದನ್ನ ಹಂಗೇ ಬಿಟ್ರೆ ಕೆಡ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ಈ ಕ್ಯಾನು ಹಾಲಿನ ಟ್ಯಾಂಕರಲ್ಲಿ ಡ್ರೈವರ್ ಪಕ್ಕ ಹೋಗ್ತದೆ. ಡ್ರೈವರ್ ಗಂಗುಲಪ್ಪ ನಿಮ್ ಲ್ಯಾಬಿನ ಗೇಟಲ್ಲಿ ಟ್ಯೂಬ್ ತೆಗೆದು ಡಬ್ಬಿಗೆ ಹಾಕಿ ಕೊಡ್ತಾನೆ."

ನಾನು ಆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಟ್ಯೂಬಿನೊಳಗಿನ ರಕ್ತದಲ್ಲೂ ಜೀವಕೋಶಗಳಿರುತ್ತವೆ. ಬಿಸಿಯಲ್ಲಿ ಇಟ್ಟರೆ ಅವೂ ಸಾಯುತ್ತವೆ, ಅವೂ ಚೂರು ಬಿಡುತ್ತವೆ, ನನ್ನ ಪರೀಕ್ಷೆ ಅದನ್ನೂ ಹೃದಯದ ಲೆಕ್ಕಕ್ಕೆ ಸೇರಿಸುತ್ತದೆ. ಇದು ನನಗೆ ತಿಳಿಯದ ಸಂಗತಿಯಲ್ಲ. ಆರು ಗಂಟೆಗಳ ಕಾಲ ಏನೂ ಆಗುವುದಿಲ್ಲ ಎಂದು ನಾನೇ ಪರೀಕ್ಷೆ ಮಾಡಿ ನೋಡಿ ನಿಯಮ ಬರೆದಿದ್ದೆ. ಪರೀಕ್ಷೆ ಮಾಡಿದ್ದು ಬೆಂಗಳೂರಿನ ಎಸಿ ಕೋಣೆಯಲ್ಲಿ, ಸ್ವೆಟರ್ ಹಾಕಿಕೊಂಡು. ಹದಿನೇಳನೇ ವಯಸ್ಸಿನವರೆಗೆ ದಿನಕ್ಕೆ ಎರಡು ಸಲ ಹಾಲು ಹೊತ್ತವಳಿಗೆ, ಏಪ್ರಿಲ್ ತಿಂಗಳ ಬಸ್ಸಿನ ಬಿಸಿ ನೆನಪಾಗಲಿಲ್ಲ. ಇನ್ನೂರು ಜನರ ರಕ್ತವನ್ನು ಕೆಡಿಸಿದವಳು ನಾನು. ನಲವತ್ತು ಜನರದ್ದನ್ನು ಉಳಿಸಿದವಳ ಹೆಸರಿನಲ್ಲಿ ನನ್ನ ಚೀಲದೊಳಗೆ ಪತ್ರ ಇತ್ತು. ನಾಚಿಕೆಯೂ ಸಂತೋಷವೂ ಒಟ್ಟಿಗೆ ಬಂದು, ಮುರಳಿಯ ಎದುರಿಗೇ ಅತ್ತುಬಿಟ್ಟೆ. ಅವನು ತೊಟ್ಟಿಯೊಳಗೆ ಕೈ ಇಳಿಸಿ, ತಣ್ಣಗಿದೆ ಎಂದು ಖಚಿತ ಮಾಡಿಕೊಳ್ಳುತ್ತಿದ್ದ.

"ಊಹೆ ಚೆನ್ನಾಗಿದೆ ಮೇಡಂ. ಸಾಬೀತು ಮಾಡಬೇಕು," ಎಂದ ಕೊನೆಗೆ. ಅದಕ್ಕೇ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು.

ಆ ರಾತ್ರಿ ಅಲ್ಲೇ ಉಳಿದೆವು. ಬುಧವಾರ ಬೆಳಿಗ್ಗೆ ವೆಂಕಟರತ್ನಮ್ಮ ನನ್ನ ತೋಳಿನಿಂದ ಎರಡು ಟ್ಯೂಬ್, ಮುರಳಿಯ ತೋಳಿನಿಂದ ಎರಡು ಟ್ಯೂಬ್ ರಕ್ತ ತೆಗೆದಳು. ಒಂದೊಂದು ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ಜೊತೆ ಬಸ್ಸಿನ ದಾರಿ ಹಿಡಿಯಿತು. ಒಂದೊಂದು ಕ್ಯಾನಿನಲ್ಲಿ ಕುಳಿತು ಗಂಗುಲಪ್ಪನ ಟ್ಯಾಂಕರಿನಲ್ಲಿ ಹೋಯಿತು. ಗುರುವಾರ ಮಧ್ಯಾಹ್ನ ಫಲಿತಾಂಶ ಬಂತು. ಟ್ಯಾಂಕರಿನಲ್ಲಿ ಬಂದ ರಕ್ತದ ಪ್ರಕಾರ ನಾವಿಬ್ಬರೂ ಗಟ್ಟಿಮುಟ್ಟು. ಬಸ್ಸಿನಲ್ಲಿ ಬಂದದ್ದರ ಪ್ರಕಾರ ಇಬ್ಬರಿಗೂ ಹೋದ ವಾರ ದೊಡ್ಡ ಹೃದಯಾಘಾತವಾಗಿತ್ತು, ಮುರಳಿಯದು ನನ್ನದಕ್ಕಿಂತ ದೊಡ್ಡದು.

ಅವನು ಹಾಳೆಯನ್ನು ಮೂರು ಸಲ ಓದಿದ. "ಮನೇಲಿ ಹೇಳ್ಬೇಡಿ ಮೇಡಂ, ನಂಬಿಬಿಡ್ತಾರೆ," ಎಂದ. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಲ್ಯಾಬಿನವರು ಬಂದು ಇಣುಕಿ ಹೋದರು.

ಶುಕ್ರವಾರ ಸಮಿತಿಯ ಮುಂದೆ ನಿಂತು ತಪ್ಪು ನನ್ನದು ಎಂದೆ. ಅಂಥ ಮಾತು ಆ ಕೋಣೆಯಲ್ಲಿ ಅಪರೂಪವೇನೋ, ಐವರೂ ಪೆನ್ನು ಕೆಳಗಿಟ್ಟರು. ಹಳೆಯ ಇನ್ನೂರನ್ನು ಬಿಟ್ಟುಬಿಡಿ, ಹೊಸಬರನ್ನು ಸೇರಿಸಿಕೊಂಡು ರಾಯಲ್ಪಾಡಿನ ರೀತಿಯಲ್ಲಿ ಮತ್ತೆ ಮಾಡಲು ಒಂದು ವರ್ಷ ಕೊಡಿ ಎಂದು ಕೇಳಿದೆ. ಕೊಟ್ಟರು. ಆದರೆ ಒಂದು ಷರತ್ತು ಹಾಕಿದರು, ಯಾವುದೂ ಗುಟ್ಟಾಗಿ ನಡೆಯಬಾರದು, ಡೈರಿಯ ಸದಸ್ಯರೆಲ್ಲ ಒಪ್ಪಬೇಕು.

ಅದು ಸಮಿತಿಗಿಂತ ಕಷ್ಟದ ಸಭೆ. ಮುಂದಿನ ಭಾನುವಾರ ಡೈರಿಯ ಮುಂದೆ ಜನ ಸೇರಿದರು. ಬಚ್ಚಪ್ಪ ತಲೆ ತಗ್ಗಿಸಿ ನಿಂತಿದ್ದರು. ನಾನೇ ಎಲ್ಲವನ್ನೂ ಹೇಳಿದೆ. ರಕ್ತ ಎಂಬ ಮಾತು ಬಂದ ಕೂಡಲೇ ಗುಜುಗುಜು ಎದ್ದಿತು. ಆವಲಪ್ಪ ಎಂಬವರು, ಆರು ಹಸುಗಳ ಒಡೆಯರು, ಎದ್ದು ನಿಂತರು.

"ಹಾಲು ಅಂದ್ರೆ ದೇವ್ರಿಗೆ ಇಡೋದು, ಮಕ್ಕಳ ಬಾಯಿಗೆ ಹಾಕೋದು. ಅದ್ರ ಪಕ್ಕ ರೋಗದೋರ ರಕ್ತಾನಾ? ಎರಡು ವರ್ಷದಿಂದ ನಮ್ಗೆ ಹೇಳ್ದೆ? ಏನು ಬಚ್ಚಪ್ಪ ಇದು?"

ಅವರ ಕೋಪದಲ್ಲಿ ತಪ್ಪಿರಲಿಲ್ಲ. ಟ್ಯೂಬ್ ಮುಚ್ಚಿರುತ್ತದೆ, ಅದು ಕ್ಯಾರಿಯರಿನ ಒಳಗಿರುತ್ತದೆ, ಕ್ಯಾರಿಯರ್ ಕ್ಯಾನಿನ ಒಳಗಿರುತ್ತದೆ, ಹಾಲು ಬೇರೆ ಟ್ಯಾಂಕಿನಲ್ಲಿರುತ್ತದೆ ಎಂದು ನಾನು ವಿಜ್ಞಾನ ಹೇಳಿದೆ. ನನ್ನ ಮಾತು ಯಾರ ತಲೆಗೂ ಹೋಗಲಿಲ್ಲ. ಆಗ ಹಿಂದಿನಿಂದ ದೊಡ್ಡಗಂಗಮ್ಮ ಕೋಲೂರಿಕೊಂಡು ಮುಂದೆ ಬಂದಳು.

"ಯಾರ ರಕ್ತ ಆವಲಪ್ಪ ಅದು? ನಂದು. ನಿಮ್ಮ ದೊಡ್ಡಪ್ಪ ಶ್ರೀರಾಮಪ್ಪಂದು. ಎರಡು ವರ್ಷದಿಂದ ನಮ್ ರಕ್ತ ಆ ತೊಟ್ಟೀಲಿ ಐತಂತೆ. ನಿಮ್ಮನೇಲಿ ಒಂದು ದಿನಾನಾದ್ರೂ ಹೆಪ್ಪು ಹಾಕಿದ ಮೊಸರು ಗಟ್ಟಿ ಆಗ್ಲಿಲ್ವಾ? ನಿಮ್ ಮಗೂಗೆ ಒಂದು ದಿನ ಹೊಟ್ಟೆ ನೋವು ಬಂತಾ? ಹೇಳು."

ಆವಲಪ್ಪ ಹೆಂಡತಿಯ ಕಡೆ ನೋಡಿದರು. ಆಕೆ ಇಲ್ಲವೆಂದು ತಲೆ ಆಡಿಸಿದಳು.

"ಮತ್ತೇನ್ಲಾ," ಎಂದಳು ಮುದುಕಿ. "ನಾನು ಸತ್ತಿದ್ರೆ ನೀನು ಬಂದು ಅಳ್ತಿದ್ದೆ. ಬದುಕ್ಲಿ ಅಂತ ಆ ಹೆಣ್ಮಗಳು ಕದ್ದು ಮುಚ್ಚಿ ಓಡಾಡಿದಾಳೆ. ಅವ್ಳಿಗೆ ಬೈತೀಯಾ?"

ಆವಲಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ತೊಟ್ಟಿಗೆ ಬೇರೆ ಬಾಗಿಲು ಇಡ್ಸಿ. ಬಚ್ಚಪ್ಪ ಆ ಕಡೆ ಹೋಗಿ ಬಂದ್ಮೇಲೆ ಕೈ ತೊಳೀಬೇಕು," ಎಂದು ಕೂತರು. ಅದೇ ಒಪ್ಪಿಗೆ. ತಿಂಗಳೊಳಗೆ ಬೈರಕೂರು, ಕ್ಯಾಲನೂರು, ಮಾಲೂರು ಕಡೆಯ ಡೈರಿಗಳೂ ಒಪ್ಪಿದವು. ರಾಯಲ್ಪಾಡಿನವರೇ ಮಾಡುತ್ತಿದ್ದಾರಂತೆ ಎಂದರೆ ಸಾಕಾಗಿತ್ತು. ಎಲ್ಲ ಕಡೆಯ ನರ್ಸುಗಳಿಗೆ ತರಬೇತಿ ಕೊಟ್ಟವಳು ವೆಂಕಟರತ್ನಮ್ಮ. ನಮ್ಮ ಹೊಸ ನಿಯಮದ ಮೊದಲ ಪುಟದಲ್ಲಿ ರಾಯಲ್ಪಾಡು ವಿಧಾನ ಎಂದೇ ಅಚ್ಚಾಗಿದೆ.

ಈ ಜೂನ್‌ನಲ್ಲಿ ಸಮಿತಿ ಬೀರುವಿನ ಬೀಗ ತೆಗೆಯಿತು. ಮುರಳಿ ಪಟ್ಟಿಯನ್ನೂ ಅಂಕಿಗಳನ್ನೂ ಜೋಡಿಸಲು ಕೂತ. ನಾನು ಹೊರಗೆ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಹೆರಿಗೆ ವಾರ್ಡಿನ ಮುಂದೆ ಗಂಡಂದಿರು ಯಾಕೆ ಹಾಗೆ ಮಾಡುತ್ತಾರೆ ಎಂದು ಅಂದು ತಿಳಿಯಿತು. ಒಂದು ಗಂಟೆಯ ಮೇಲೆ ಮುರಳಿ ಹೊರಗೆ ಬಂದ. ಬಾಗಿಲನ್ನು ಹಾರುಹೊಡೆದೇ ಬಿಟ್ಟು ಬಂದ.

"ಮೇಡಂ, ಅರ್ಧ," ಎಂದ. "ಮಾತ್ರೆ ತಗೊಂಡೋರಲ್ಲಿ ಕೋಶಗಳ ಸಾವು ಅರ್ಧಕ್ಕಿಂತ ಕಡಿಮೆ. ನಾಲ್ಕೂ ತಾಲ್ಲೂಕಲ್ಲಿ. ಎರಡು ಗುಡ್ಡೆ, ನಡುವೆ ಜಾಗ. ನಾಲ್ಕು ಸಲ ಮಾಡಿ ನೋಡಿದೆ."

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಂಚಿನ ಕೋಶಗಳನ್ನು ಉಳಿಸಬಹುದು. ಕೂತುಕೋ ಎಂದ ಮೇಷ್ಟ್ರು ಈಗಿಲ್ಲ, ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ. ಅವರ ಬದಲಿಗೆ ರಾಯಲ್ಪಾಡಿಗೆ ಹೊರಟೆ. ಎರಡು ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡೆ. ನನ್ನ ಬೀರುವಿನ ಖಾನೆಯಲ್ಲಿ ಮುಚ್ಚಿಟ್ಟಿದ್ದ ಆ ಹಳೆಯ ಪತ್ರವನ್ನೂ ಚೀಲಕ್ಕೆ ಹಾಕಿಕೊಂಡೆ. ಅದನ್ನು ಹರಿದು ಹಾಕುವುದು ಸುಲಭವಿತ್ತು, ಆದರೆ ವೆಂಕಟರತ್ನಮ್ಮನಿಗೆ ಹೇಳದೆ ಹರಿದರೆ ಅದು ಇನ್ನೊಂದು ಮೋಸವಾಗುತ್ತದೆ ಎನಿಸಿತ್ತು.

ಡೈರಿಯ ಮುಂದೆ ಹಾಲು ಹಾಕುವ ಸಾಲಿನಲ್ಲೇ ನಿಂತು ಸುದ್ದಿ ಹೇಳಿದೆ. ಬಚ್ಚಪ್ಪ 'ಆ' ಎಂದು ಬಾಯಿ ಬಿಟ್ಟು ಮೈಸೂರು ಪಾಕ್ ಕೈಯಲ್ಲೇ ಹಿಡಿದುಕೊಂಡು ನಿಂತರು. ಆವಲಪ್ಪ ಎರಡು ತುಂಡು ತೆಗೆದುಕೊಂಡು, ನಮ್ಮೂರಿನ ತೊಟ್ಟಿ ಎಂದು ಪಕ್ಕದವರಿಗೆ ವಿವರಿಸತೊಡಗಿದರು. ಪಟ್ಟಿಯಲ್ಲಿ ದೊಡ್ಡಗಂಗಮ್ಮ ಹಿಟ್ಟಿನ ಮಾತ್ರೆಯವಳು. ಅದನ್ನು ಹೇಳಲು ನನಗೆ ಸಂಕೋಚವಾಗಿತ್ತು.

"ಅಂದ್ರೆ ನಾನು ಇಷ್ಟು ದಿನ ಬರೀ ಹಿಟ್ಟು ನುಂಗಿದ್ನಾ?" ಎಂದಳು.

"ಹೌದಮ್ಮ. ನಾಳೆಯಿಂದ ನಿಮ್ಮ ಡಾಕ್ಟರು ನಿಜವಾದ ಮಾತ್ರೆ ಶುರು ಮಾಡ್ತಾರೆ."

"ಬರೀ ಹಿಟ್ಟಲ್ಲೇ ಹಿಂಗಿದೀನಿ. ಇನ್ನು ಮಾತ್ರೆ ಬೇರೆ ಕೊಟ್ರೆ ನನ್ನ ಹಿಡಿಯೋರು ಯಾರು?" ಎಂದು ಮುದುಕಿ ಕೋಲು ಊರಿಕೊಂಡು ಹೋದಳು. ಸಾಲೆಲ್ಲ ನಕ್ಕಿತು.

ವೆಂಕಟರತ್ನಮ್ಮ ಒಳಗೆ ತೊಟ್ಟಿಯ ಹತ್ತಿರ ಇದ್ದಳು. ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು, ಮುಖ ಅರಳಿತ್ತು, ಆದರೆ ಪಟ್ಟಿ ತೆರೆದ ಮೇಲೂ ರೋಗಿಗಳ ರಕ್ತ ನೋಡುವುದು ಮುಂದುವರಿದಿತ್ತು, ಕೈಯಲ್ಲಿ ಅಂದಿನ ಟ್ಯೂಬ್ ಇತ್ತು, ಅದು ಮುಗಿಯದೆ ಈಚೆ ಬರುವವಳಲ್ಲ. ನಾನು ಪತ್ರ ತೆಗೆದು ಅವಳ ಮುಂದೆ ಹಿಡಿದೆ. ಇದಕ್ಕೆ ನಾನು ಸಹಿ ಹಾಕಿದ್ದೆ, ಅಂದು ಇದನ್ನು ಕೊಡಲೆಂದೇ ಬಂದಿದ್ದೆ, ನನ್ನನ್ನು ಕ್ಷಮಿಸು ಎಂದೆ.

"ಗೊತ್ತಿತ್ತು ಮೇಡಂ," ಎಂದಳು. "ನೀವು ಕಾಫಿ ಕುಡೀವಾಗ ಚೀಲದ ಬಾಯಿ ತೆಗೆದಿತ್ತು. ನನ್ ಹೆಸರು ಕಾಣಿಸ್ತು, ಓದಿಬಿಟ್ಟೆ."

"ಗೊತ್ತಿದ್ದೂ ಮತ್ಯಾಕೆ ಕದ್ದು ರಕ್ತ ಇಡೋದನ್ನ ತೋರ್ಸಿದೆ? ಡಬ್ಬೀಲೇ ಬಿಟ್ಟು ಸುಮ್ನಿರಬಹುದಿತ್ತಲ್ಲ."

"ಕೆಲಸ ಹೆಂಗೂ ಹೋಗ್ತಿತ್ತು," ಎಂದಳು, ಕ್ಯಾರಿಯರಿನ ಮುಚ್ಚಳ ತೆಗೆಯುತ್ತಾ. "ರಕ್ತ ಯಾಕೆ ಕೆಡ್ಬೇಕು?"

ಆಮೇಲೆ ಕೈ ಒರೆಸಿಕೊಂಡು, "ಕೊಡಿ ಅದನ್ನ, ನನ್ ಚೀಟಿ ಮುಗಿದೋಗಿದೆ," ಎಂದು ಪತ್ರ ಈಸಿಕೊಂಡಳು. ಮಗುಚಿ ತೊಟ್ಟಿಯ ಕಟ್ಟೆಯ ಮೇಲಿಟ್ಟು, ಖಾಲಿ ಬೆನ್ನಿನ ಮೇಲೆ ಅಂದಿನ ರೋಗಿಯ ಹೆಸರು ಬರೆದಳು, ಹೊತ್ತು ಬರೆದಳು. ಥರ್ಮಾಮೀಟರನ್ನು ನೀರಿನಿಂದ ಎತ್ತಿ ನನ್ನ ಕಡೆ ಹಿಡಿದಳು. ಕನ್ನಡಕ ಸರಿಮಾಡಿಕೊಂಡು ಓದಿದೆ.

"ನಾಲ್ಕು," ಎಂದೆ.

ಆಕೆ ಬರೆದುಕೊಂಡಳು.